ಚೆಸ್ ಆಡುವವರು ಬೇರೆ, ನೋಡುವವಳು ನಾನು

ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಚೆಸ್ ಆಡಲು ಬರುವುದಿಲ್ಲ. ಆನೆ ನೇರಕ್ಕೆ ಹೋಗುತ್ತದೆ, ಒಂಟೆ ಓರೆಗೆ ಹೋಗುತ್ತದೆ, ಕುದುರೆ ಎರಡೂವರೆ ಮನೆ ಹಾರುತ್ತದೆ ಎಂಬಷ್ಟು ಗೊತ್ತು. ಅಷ್ಟು ಗೊತ್ತಿದ್ದವರಿಗೆಲ್ಲ ಆಟ ಬರುತ್ತದೆ ಎನ್ನುವುದಾದರೆ, ಒಲೆ ಹಚ್ಚಲು ಬರುವವರನ್ನೆಲ್ಲ ಮದುವೆ ಮನೆಗೆ ಅಡುಗೆಗೆ ಕರೆಯಬೇಕಾಗುತ್ತದೆ. ಆದರೆ ನಾನು ಚೆಸ್ ನೋಡುತ್ತೇನೆ. ದೊಡ್ಡ ದೊಡ್ಡ ಟೂರ್ನಮೆಂಟುಗಳ ನೇರಪ್ರಸಾರವನ್ನು ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ, ದಿನಕ್ಕೆ ನಾಲ್ಕೈದು ಗಂಟೆ, ಸೊಪ್ಪು ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ ನೋಡುತ್ತೇನೆ. ಇದನ್ನು ಹೇಳಿದ ಕೂಡಲೇ ಎದುರಿನವರು ಕೇಳುವುದು ಒಂದೇ ಪ್ರಶ್ನೆ. "ಹಾಗಾದ್ರೆ ನೀವು ತುಂಬ ಚೆನ್ನಾಗಿ ಆಡ್ತೀರಾ?" ಇಲ್ಲ ಎಂದ ತಕ್ಷಣ ಅವರ ಮುಖದಲ್ಲಿ ಒಂದು ಅನುಮಾನ ಮೂಡುತ್ತದೆ. ನಾನೇನೋ ಟಿಕೆಟ್ ಇಲ್ಲದೆ ಬಸ್ಸು ಹತ್ತಿದವಳು ಎಂಬಂತೆ ನೋಡುತ್ತಾರೆ.

ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ಮನೆಯವರು ಕ್ರಿಕೆಟ್ ನೋಡುತ್ತಾರೆ. ಬರೀ ನೋಡುವುದಿಲ್ಲ, ಸೋಫಾದ ಮೇಲೆ ಕಾಲು ಚಾಚಿಕೊಂಡು ಬೌಲರಿಗೆ ಬುದ್ಧಿ ಹೇಳುತ್ತಾರೆ, ಕ್ಯಾಪ್ಟನ್ನಿನ ವಂಶವನ್ನು ವಿಚಾರಿಸುತ್ತಾರೆ. ಅವರು ಕೊನೆಯ ಸಲ ಕ್ಯಾಚ್ ಹಿಡಿಯಲು ಹೋದದ್ದು ಬೂದಿಗೆರೆ ಕೆರೆಯಂಗಳದಲ್ಲಿ, ಹೈಸ್ಕೂಲಿನಲ್ಲಿದ್ದಾಗ. ಅದೂ ಕೈಗೆ ಸಿಗಲಿಲ್ಲವಂತೆ, ಮೂಗಿಗೆ ಸಿಕ್ಕಿತಂತೆ. ಆದರೂ ಅವರನ್ನು ಇದುವರೆಗೆ ಯಾರೂ "ನೀವು ರಾಜ್ಯ ತಂಡದಲ್ಲಿ ಆಡಿದ್ದೀರಾ?" ಎಂದು ಕೇಳಿಲ್ಲ. ಸಂಗೀತ ಕಚೇರಿಯ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವವರನ್ನು ಎಬ್ಬಿಸಿ ಹಾಡಿಸುವ ಪದ್ಧತಿಯೂ ನಮ್ಮಲ್ಲಿಲ್ಲ. ಚೆಸ್ ನೋಡುವವರು ಮಾತ್ರ ಪರೀಕ್ಷೆ ಬರೆದು ಪಾಸಾಗಿಯೇ ನೋಡಬೇಕು ಎಂಬ ಕಾನೂನನ್ನು ಯಾರು ಮಾಡಿದರೋ ನನಗೆ ತಿಳಿಯದು. ಆ ಕಾನೂನನ್ನು ನಾನು ಒಪ್ಪುವುದಿಲ್ಲ. ಒಪ್ಪದೆ ಇದ್ದದ್ದರಿಂದ ಏನಾಯಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಈ ಗೀಳು ಹತ್ತಿದ್ದು ಕಾಲು ಮುರಿದುಕೊಂಡಾಗ. ದೇವನಹಳ್ಳಿಯಲ್ಲಿ ನಾನು ಕೆಲಸ ಮಾಡುವ ಕಚೇರಿಯಿಂದ ಬೂದಿಗೆರೆಯ ಮನೆಗೆ ಬರುವಾಗ, ಬಸ್ಸಿನಿಂದ ಇಳಿಯುವ ಕೊನೆಯ ಮೆಟ್ಟಿಲು ಇದೆ ಎಂದುಕೊಂಡು ಹೆಜ್ಜೆಯಿಟ್ಟೆ, ಅದು ಇರಲಿಲ್ಲ. ಆರು ವಾರ ಬ್ಯಾಂಡೇಜು. ಹಾಸಿಗೆಯಲ್ಲಿದ್ದವಳನ್ನು ನೋಡಲು ಬಂದವರೆಲ್ಲ ತಮ್ಮ ತಮ್ಮ ಕಾಲುಗಳ ಚರಿತ್ರೆ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ನನ್ನತ್ತೆ ದಿನಕ್ಕೆ ಹತ್ತು ಸಲ ಬಂದು, ಜೀರಿಗೆ ಡಬ್ಬ ಎಲ್ಲಿ, ಹಾಲಿಗೆ ಹೆಪ್ಪು ಹಾಕಿದೆಯಾ, ಗ್ಯಾಸ್ ಯಾವಾಗ ಬುಕ್ ಮಾಡಿದ್ದೆ ಎಂದು ಕೇಳುತ್ತಿದ್ದರು. ಮುರಿದದ್ದು ನನ್ನ ಕಾಲು, ಆದರೆ ಮನೆಯೇ ನಡೆಯುವುದನ್ನು ನಿಲ್ಲಿಸಿತ್ತು. ಅಂಥ ಒಂದು ಮಧ್ಯಾಹ್ನ ಫೋನಿನಲ್ಲಿ ಏನನ್ನೋ ಹುಡುಕಲು ಹೋಗಿ ಬೇರೇನೋ ಒತ್ತಿಬಿಟ್ಟೆ. ಇಬ್ಬರು ಹುಡುಗರು ಮೇಜಿನ ಎದುರುಬದುರು ಕೂತಿದ್ದರು. ಮಾತಿಲ್ಲ. ಒಬ್ಬ ಹಣೆಗೆ ಕೈಯೊತ್ತಿದ್ದ, ಇನ್ನೊಬ್ಬ ನೀರು ಕುಡಿದ. ಐದು ನಿಮಿಷ ನೋಡಿದೆ, ಹತ್ತು ನಿಮಿಷ ನೋಡಿದೆ. ಅವರಿಬ್ಬರಲ್ಲಿ ಒಬ್ಬನೂ ನನ್ನನ್ನು ಜೀರಿಗೆ ಡಬ್ಬ ಎಲ್ಲಿ ಎಂದು ಕೇಳಲಿಲ್ಲ. ಅವತ್ತೇ ನಾನು ಚೆಸ್ಸಿನ ಅಭಿಮಾನಿಯಾದೆ.

ಕಾಲು ಸರಿಹೋದ ಮೇಲೆ ಫೋನಿನಿಂದ ಟಿವಿಗೆ ಬಡ್ತಿ ಪಡೆದೆ. ಅತ್ತೆಗೆ ಮೊದಲ ದಿನ ಗಾಬರಿಯಾಯಿತು. ಅವರು ಸಮೇತನಹಳ್ಳಿಯವರು, ಮೂರು ಎಕರೆ ಹೊಲವನ್ನೂ ಐದು ಮಕ್ಕಳನ್ನೂ ಒಬ್ಬರೇ ಸಂಭಾಳಿಸಿದವರು, ಯಾವುದಕ್ಕೂ ಹೆದರುವ ಹೆಂಗಸಲ್ಲ. ಆದರೆ ಟಿವಿಯ ಮುಂದೆ ಕಾಲು ಗಂಟೆ ನಿಂತು, "ಏನವ್ವ, ಟಿವಿ ಕೆಟ್ಟೋಗೈತೆ ಕಣೆ. ಅವಾಗಿಂದ ಒಂದೇ ಚಿತ್ರ ನಿಂತೈತೆ" ಎಂದರು.

"ಕೆಟ್ಟಿಲ್ಲ ಅತ್ತೆ, ಅವ್ರು ಯೋಚ್ನೆ ಮಾಡ್ತಾವ್ರೆ" ಎಂದೆ.

"ಅದನ್ನೇನು ನೋಡೋದು? ನಿಮ್ಮ ಮಾವನೂ ಹಂಗೇ ಕೂತಿರೋರು, ನಾನೇನು ಟಿವಿಯೋರಿಗೆ ಹೇಳಿಕಳಿಸ್ದ್ನಾ?"

ಪರದೆಯ ಪಕ್ಕದಲ್ಲಿ ಯಾರು ಮುಂದಿದ್ದಾರೆಂದು ತೋರಿಸುವ ಒಂದು ಪಟ್ಟಿ ಇರುತ್ತದೆ. ಕಂಪ್ಯೂಟರು ಲೆಕ್ಕ ಹಾಕಿ, ಬಿಳಿಯ ಕಾಯಿಯವರದ್ದು ಮೇಲಾದರೆ ಬಿಳುಪನ್ನು ಏರಿಸುತ್ತದೆ, ಕಪ್ಪಿನವರದ್ದು ಮೇಲಾದರೆ ಕಪ್ಪನ್ನು ಏರಿಸುತ್ತದೆ. ಅತ್ತೆ ಅದನ್ನು ತೋರಿಸಿ, "ಇದೇನು, ಟ್ಯಾಂಕ್‌ನಾಗೆ ನೀರು ಎಷ್ಟೈತೆ ಅಂತಾನಾ?" ಎಂದು ಕೇಳಿದರು. ನಾನು ಹೌದು ಎಂದುಬಿಟ್ಟೆ. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು. ಅದಲ್ಲದೆ ಆ ಪಟ್ಟಿ ಇಳಿಯುವಾಗ ನನಗಾಗುವ ಸಂಕಟ, ಬೇಸಿಗೆಯಲ್ಲಿ ಟ್ಯಾಂಕ್ ಇಳಿಯುವಾಗಿನ ಸಂಕಟಕ್ಕಿಂತ ಬೇರೆಯೇನಲ್ಲ.

ತಕರಾರು ಬಂದದ್ದು ಏಳು ಗಂಟೆಯ ಧಾರಾವಾಹಿಯ ವಿಷಯದಲ್ಲಿ. ಯುರೋಪಿನ ಟೂರ್ನಮೆಂಟುಗಳಲ್ಲಿ ಆಟ ಬಿಸಿಯೇರುವ ಹೊತ್ತಿಗೆ ನಮ್ಮಲ್ಲಿ ಸಂಜೆ ಏಳಾಗಿರುತ್ತದೆ. ಅತ್ತೆಯ ಧಾರಾವಾಹಿಯ ಸೊಸೆ ಒಂಬತ್ತು ತಿಂಗಳಿನಿಂದ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಸಾಧಾರಣ ದಿನಗಳಲ್ಲಿ ನಾನು ರಿಮೋಟು ಕೊಟ್ಟು ಅಡುಗೆಮನೆಯಲ್ಲಿ ಫೋನು ಹಿಡಿದು ನಿಲ್ಲುತ್ತಿದ್ದೆ. ಆದರೆ ಒಂದು ಕೊನೆಯ ಸುತ್ತಿನ ದಿನ ಕೊಡಲಿಲ್ಲ. "ಅತ್ತೆ, ಆ ಹುಡುಗಿ ನಾಳೇನೂ ಮಲಗಿರ್ತಾಳೆ. ಇದು ಇವತ್ತೇ ಮುಗಿಯುತ್ತೆ" ಎಂದೆ. ನಮ್ಮ ಮನೆಯವರು ಪೇಪರಿನ ಹಿಂದಕ್ಕೆ ಸರಿದರು. ಅತ್ತೆ ಎದ್ದು ಪಕ್ಕದ ಮನೆಗೆ ಧಾರಾವಾಹಿ ನೋಡಲು ಹೋದರು. ಮೂರು ದಿನ ಹೋದರು. ನಾಲ್ಕನೆಯ ದಿನ ಅಲ್ಲಿ ಕಾಫಿಗೆ ಹಾಲು ಕಡಿಮೆ ಹಾಕುತ್ತಾರೆಂಬ ಕಾರಣಕ್ಕೆ ವಾಪಸು ಬಂದರು. ಬಂದವರು ನನ್ನ ಪಕ್ಕದಲ್ಲಿ ಕೂತು, "ಆ ಮಕ್ಳಿಗೆ ಮಧ್ಯದಾಗೆ ಊಟಕ್ಕಾದ್ರೂ ಬಿಡ್ತಾರಾ?" ಎಂದು ಕೇಳಿದರು. ಬಾಳೆಹಣ್ಣು ತಿನ್ನುತ್ತಾರೆ ಎಂದೆ. ಮುದ್ದೆ ತಿಂದು ಕೂತರೆ ಇನ್ನೂ ಚೆನ್ನಾಗಿ ಯೋಚನೆ ಬರುತ್ತದೆ ಎಂಬುದು ಅವರ ಅಭಿಪ್ರಾಯ. ಮನೆಯ ಯುದ್ಧ ಹೀಗೆ ಮುಗಿಯಿತು.

ಕಚೇರಿಯದ್ದು ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ನಾನು ಅಲ್ಲಿ ಪ್ರಥಮ ದರ್ಜೆ ಸಹಾಯಕಿ. ಮಧ್ಯಾಹ್ನ ಊಟದ ಡಬ್ಬಿಯನ್ನು ಮುಗಿಸಿ, ನೀರಿನ ಬಾಟಲಿಗೆ ಫೋನು ಒರಗಿಸಿ, ಹಿಂದಿನ ದಿನ ಬಿಟ್ಟುಹೋದದ್ದನ್ನು ನೋಡುತ್ತೇನೆ. ಒಬ್ಬಳೇ ನೋಡಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಬಾಯಿಮುಚ್ಚಿಕೊಂಡು ನೋಡುವವಳಲ್ಲ. ರೆಕಾರ್ಡ್ ರೂಮಿನ ಶಕೀಲ್ ಅಹ್ಮದ್ ಅವರನ್ನು ಕರೆದು, ವಿಶ್ವದ ದೊಡ್ಡ ದೊಡ್ಡ ಆಟಗಾರರು ಎಲ್ಲೆಲ್ಲಿ ತಪ್ಪಿದರು ಎಂದು ತೋರಿಸುತ್ತಿದ್ದೆ. ತಪ್ಪು ಕಂಡುಹಿಡಿದದ್ದು ಕಂಪ್ಯೂಟರಿನ ಪಟ್ಟಿ, ಹೇಳುವ ಧಾಟಿ ಮಾತ್ರ ನನ್ನದು. "ನೋಡಿ, ಇಲ್ಲಿ ಒಂಟೆ ಆಡ್ಬೇಕಿತ್ತು. ಇಷ್ಟೂ ಕಾಣ್ಲಿಲ್ವಲ್ಲ ಇವನಿಗೆ." ಶಕೀಲ್ ದೇವನಹಳ್ಳಿ ಕೋಟೆಯ ಹತ್ತಿರದವರು, ಮನೆಯಲ್ಲಿ ತಂದೆಯ ಜೊತೆ ನಿಜಕ್ಕೂ ಚೆಸ್ ಆಡುವವರು. ತುಂಬ ಮೃದು ಮಾತಿನ ಮನುಷ್ಯ. ಒಂದು ದಿನ ಇಷ್ಟು ಮಾತ್ರ ಹೇಳಿದರು: "ಮೇಡಂ, ನೋಡೋದು ಬೇರೆ, ಆಡೋದು ಬೇರೆ. ಒಂದ್ಸಲ ನಮ್ಮ ಅಬ್ಬಾ ಎದುರಿಗೆ ಕೂತ್ಕೊಳಿ, ಹತ್ತು ನಿಮಿಷಕ್ಕೆ ಗೊತ್ತಾಗುತ್ತೆ."

ಈ ಮಾತು ಪಕ್ಕದ ಮೇಜಿನ ಸೂಪರಿಂಟೆಂಡೆಂಟ್ ಚಂದ್ರಪ್ಪನವರ ಕಿವಿಗೆ ಬಿತ್ತು. ನೌಕರರ ಕ್ರೀಡಾಕೂಟಕ್ಕೆ ಹೆಸರು ಕಳಿಸುವ ಪಟ್ಟಿ ಅವರ ಕೈಯಲ್ಲಿತ್ತು. ಹಗ್ಗಜಗ್ಗಾಟಕ್ಕೆ ಎಂಟು ಜನ ಸಿಕ್ಕಿದ್ದರು, ಚೆಸ್ಸಿನ ಮುಂದೆ ಜಾಗ ಖಾಲಿಯಿತ್ತು. "ಶಕೀಲ್, ನಿನ್ನ ಹೆಸರು ಬರ್ಕೊಳ್ಳಲಾ?" ಎಂದರು. ಕ್ರೀಡಾಕೂಟದ ದಿನವೇ ತಮ್ಮ ಮನೆಯಲ್ಲಿ ಮದುವೆಯಿದೆ, ಆಗುವುದಿಲ್ಲ ಎಂದರು ಶಕೀಲ್. ಚಂದ್ರಪ್ಪನವರು ಪೆನ್ನಿನ ಕ್ಯಾಪು ಹಾಕುತ್ತಾ, "ಬಿಡಿ ಹಂಗಾದ್ರೆ. ಆಡೋರು ಒಬ್ರೂ ಇಲ್ಲ, ಬರೀ ನೋಡೋರು ಅವ್ರೆ" ಎಂದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ಸುಜಾತ ಅಂತ ಬರ್ಕೊಳಿ ಸಾರ್" ಎಂದಿತು ನನ್ನ ಬಾಯಿ. ಶಕೀಲ್ ನನ್ನನ್ನು ನೋಡಿದ ರೀತಿಯನ್ನು, ಕಾಲು ಮುರಿದಾಗ ಬಸ್ಸಿನ ಕಂಡಕ್ಟರ್ ನನ್ನನ್ನು ನೋಡಿದ ರೀತಿಗೆ ಮಾತ್ರ ಹೋಲಿಸಬಹುದು.

ಕ್ರೀಡಾಕೂಟಕ್ಕೆ ಹನ್ನೆರಡು ದಿನವಿತ್ತು. ಫೋನಿನಲ್ಲಿ ಕಂಪ್ಯೂಟರಿನ ಜೊತೆ ಅಭ್ಯಾಸಕ್ಕೆ ಕೂತೆ. ತೀರ ಕೆಳಗಿನ ಹಂತವನ್ನು ಆರಿಸಿಕೊಂಡೆ. ಅಲ್ಲಿ ಕಂಪ್ಯೂಟರು ಒಂದು ಮುದ್ದಾದ ಬೆಕ್ಕಿನ ಮರಿಯ ಚಿತ್ರದ ಹಿಂದೆ ಅಡಗಿಕೊಂಡು ಆಡುತ್ತದೆ. ಆ ಮರಿ ನನ್ನನ್ನು ಒಂಬತ್ತು ಸಲ ಸೋಲಿಸಿತು. ಹತ್ತನೆಯ ಸಲ ಚಾರ್ಜು ಮುಗಿದು ಆಟ ನಿಂತುಹೋಯಿತು, ಅದನ್ನು ಡ್ರಾ ಎಂದು ಬರೆದುಕೊಂಡೆ. ಆರಂಭದ ನಡೆಗಳ ಹೆಸರುಗಳು ನನಗೆ ಇಪ್ಪತ್ತಾದರೂ ಗೊತ್ತು. ನೇರಪ್ರಸಾರದಲ್ಲಿ ವಿವರಣೆ ಹೇಳುವವರು ಅವನ್ನು ದಿನಾ ಹೇಳುತ್ತಾರೆ. ಆದರೆ ಐದನೆಯ ನಡೆಯ ಹೊತ್ತಿಗೆ ಎದುರಿನವರು ಆ ಹೆಸರಿಗೆ ಒಪ್ಪುವಂಥದ್ದನ್ನು ಆಡುವುದೇ ಇಲ್ಲ. "ಬೇಡ ಅಂತ ಫೋನ್ ಮಾಡಿ ಹೇಳಿಬಿಡು" ಎಂದರು ನಮ್ಮ ಮನೆಯವರು. "ಜ್ವರ ಅನ್ನು." ನನಗೆ ಸಿಟ್ಟು ಬಂತು. ಸೋಲುವುದಾದರೆ ಸೋಲುತ್ತೇನೆ, ಜ್ವರ ಬರಿಸಿಕೊಂಡು ಮನೆಯಲ್ಲಿ ಕೂರುವುದಿಲ್ಲ ಎಂದೆ.

ಚೆಸ್ಸಿಗೆ ಶಾಲೆಯೊಂದರ ಕೊಠಡಿ ಕೊಟ್ಟಿದ್ದರು. ಹೊರಗೆ ಮೈದಾನದಲ್ಲಿ ಓಟ, ಗುಂಡು ಎಸೆತ, ಮೈಕಿನಲ್ಲಿ ಹಾಡು. ಒಳಗೆ ಎಂಟು ಡೆಸ್ಕು, ಹದಿನಾರು ಜನ. ನನ್ನ ಎದುರಾಳಿ ಹೊಸಕೋಟೆಯ ಒಂದು ಇಲಾಖೆಯ ಜೀಪಿನ ಡ್ರೈವರ್ ಮುನಿರಾಜು. ನಿವೃತ್ತಿಗೆ ಎರಡು ವರ್ಷ ಬಾಕಿ, ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಕನ್ನಡಕ. ಸಾಹೇಬರು ಮೀಟಿಂಗಿನಲ್ಲಿದ್ದಷ್ಟು ಹೊತ್ತೂ ಡ್ರೈವರುಗಳು ಹೊರಗೆ ಕಾಯಬೇಕಲ್ಲ, ಆ ಹೊತ್ತಿನಲ್ಲೇ ಕಲಿತದ್ದಂತೆ. ಸರ್ಕಾರಿ ಮೀಟಿಂಗುಗಳು ಎಷ್ಟು ಹೊತ್ತು ನಡೆಯುತ್ತವೆ ಎಂದು ತಿಳಿದವಳಾದ್ದರಿಂದ, ಇವರು ಎಷ್ಟು ಆಡಿರಬೇಕೆಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

ಅವರು ಯೋಚನೆಯನ್ನೇ ಮಾಡುತ್ತಿರಲಿಲ್ಲ. ನಾನು ಕೈ ತೆಗೆಯುವುದರೊಳಗೆ ಅವರ ಕಾಯಿ ನಡೆದಿರುತ್ತಿತ್ತು. ನಡುನಡುವೆ ಕಿಟಕಿಯಾಚೆ ಗುಂಡು ಎಸೆತವನ್ನೂ ನೋಡುತ್ತಿದ್ದರು. ಹತ್ತು ನಡೆಯೊಳಗೆ ನನ್ನ ಒಂದು ಒಂಟೆ, ಎರಡು ಸಿಪಾಯಿ ಹೋದವು. ಆಗ ನನಗೆ ಅದು ಹೊಳೆಯಿತು. ಎಷ್ಟೋ ನೇರಪ್ರಸಾರಗಳಲ್ಲಿ ನೋಡಿದ್ದೆ: ರಾಣಿಯನ್ನೇ ಬೇಕೆಂದು ಬಲಿ ಕೊಡುವುದು. ವಿವರಣೆ ಹೇಳುವವರು ಕುರ್ಚಿಯಿಂದ ಎದ್ದು ನಿಲ್ಲುವ ನಡೆ ಅದು. ನನ್ನ ರಾಣಿಯನ್ನು ಅವರ ಸಿಪಾಯಿಯ ಬಾಯಿಗೇ ಇಟ್ಟರೆ, ಅದನ್ನು ಹೊಡೆಯಲು ಆ ಸಿಪಾಯಿ ಪಕ್ಕಕ್ಕೆ ಸರಿಯುತ್ತದೆ, ರಾಜನ ಮುಂದಿನ ಬಾಗಿಲು ತೆರೆಯುತ್ತದೆ, ನನ್ನ ಕುದುರೆ ಹಾರುತ್ತದೆ, ಆಟ ಮುಗಿಯುತ್ತದೆ. ಮೈಯೆಲ್ಲ ಜುಮ್ಮೆಂದಿತು. ರಾಣಿಯನ್ನು ಎತ್ತಿ ಅಲ್ಲಿಟ್ಟೆ. ಇಟ್ಟು ಕೈ ತೆಗೆದ ಮೇಲೆ ನೋಡುತ್ತೇನೆ, ನನ್ನ ಕುದುರೆ ನಾನಂದುಕೊಂಡ ಮನೆಯಲ್ಲಿರಲಿಲ್ಲ. ಅದರ ಪಕ್ಕದ ಮನೆಯಲ್ಲಿತ್ತು. ಅಲ್ಲಿಂದ ಅದು ಎಲ್ಲಿಗೆ ಹಾರಿದರೂ ಯಾರಿಗೂ ತೊಂದರೆಯಿರಲಿಲ್ಲ.

ಮುನಿರಾಜು ಅವರ ಕೈ ಸಿಪಾಯಿಯವರೆಗೆ ಬಂದದ್ದು ನಿಂತಿತು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ನಾನು ರಾಣಿ ಎನ್ನುವುದನ್ನು ಅವರು ಮಂತ್ರಿ ಎನ್ನುತ್ತಾರೆ.

"ಮೇಡಂ, ಮಂತ್ರೀನ ಬೇಕೂಂತ್ಲೇ ಇಟ್ರಾ?"

"ಬೇಕೂಂತ್ಲೇ" ಎಂದೆ.

"ವಾಪಸ್ ತಗೊಳದಾದ್ರೆ ತಗೊಳಿ. ನಾನೇನೂ ಅನ್ಕೊಳಲ್ಲ."

"ಬೇಡ, ನೀವು ಆಡಿ."

ಆಮೇಲೆ ನಡೆದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆ ಮನುಷ್ಯ ಯೋಚನೆಗೆ ಕೂತರು. ಹಣೆಗೆ ಕೈ ಒತ್ತಿಕೊಂಡರು. ನೀರು ಕುಡಿದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ನಿಮಿಷ ಕಳೆಯಿತು. ಆಟ ಮುಗಿಸಿದ್ದ ಇಬ್ಬರು ನಮ್ಮ ಡೆಸ್ಕಿನ ಹತ್ತಿರ ಬಂದು ನಿಂತರು. ಒಬ್ಬರು ಇನ್ನೊಬ್ಬರ ಕಿವಿಯಲ್ಲಿ, "ಏನೋ ಐತೆ ಕಣಪ್ಪ ಇದ್ರಲ್ಲಿ" ಎಂದರು. ಅದರಲ್ಲಿ ಏನೂ ಇಲ್ಲವೆಂದು ಆ ಕೊಠಡಿಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನು ಬೆನ್ನು ನೆಟ್ಟಗೆ ಮಾಡಿ, ಕೈಕಟ್ಟಿ, ಕಿಟಕಿಯಾಚೆ ನೋಡುತ್ತಾ ಕೂತೆ. ದೊಡ್ಡ ಆಟಗಾರರು ಒಂದು ನಡೆ ಆಡಿ ಎದ್ದು ಅಡ್ಡಾಡಲು ಹೋಗುತ್ತಾರಲ್ಲ, ಅದು ಯಾಕೆಂದು ಅವತ್ತು ತಿಳಿಯಿತು. ಕೂತಿದ್ದರೆ ಮುಖ ಎಲ್ಲವನ್ನೂ ಹೇಳಿಬಿಡುತ್ತದೆ. ಕೊನೆಗೆ ಮುನಿರಾಜು ನಿಟ್ಟುಸಿರು ಬಿಟ್ಟು, ಆಗಿದ್ದಾಗಲಿ ಎನ್ನುವಂತೆ ಸಿಪಾಯಿಯಿಂದ ರಾಣಿಯನ್ನು ಹೊಡೆದರು. ಹೊಡೆದು, ನನ್ನ ಕಡೆ ಭಯದಿಂದಲೇ ನೋಡಿದರು. ನಾನು ಏನೋ ಒಂದು ಆಡಿದೆ. ಇನ್ನು ನಾಲ್ಕು ನಡೆಗೆ ಚೆಕ್‌ಮೇಟ್. ನಿಂತಿದ್ದ ಇಬ್ಬರೂ ತಮಗೆ ಮೋಸವಾಯಿತೆಂಬಂತೆ ಹೊರಟುಹೋದರು.

ಹೊರಗೆ ಹಗ್ಗಜಗ್ಗಾಟದಲ್ಲಿ ಸೋತು, ಉರಿಯುವ ಅಂಗೈಗೆ ಬಾಯಿಂದ ಗಾಳಿ ಊದುತ್ತಾ ಚಂದ್ರಪ್ಪನವರು ನಿಂತಿದ್ದರು. "ಏನಮ್ಮ, ಆಯ್ತಾ? ಇನ್ಮೇಲಾದ್ರೂ ಆ ಫೋನ್ ಪಕ್ಕಕ್ಕಿಡ್ತೀಯಾ?" ಎಂದು ಕೇಳಿದರು. ಕೇಳುವ ರೀತಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನನಗೆ ಚುರುಕ್ಕೆಂದಿತು. ಒಂದು ಸಲ ಸೋತದ್ದರಿಂದ ನೋಡುವ ಹಕ್ಕು ಹೋಗುವುದಾದರೆ, ಹಗ್ಗ ಬಿಟ್ಟು ಬೋರಲು ಬಿದ್ದ ಅವರು ಇನ್ನು ಮೇಲೆ ಹಗ್ಗವನ್ನೇ ನೋಡಬಾರದು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಅವರು ನನ್ನ ಮೇಲಧಿಕಾರಿ. "ನಾನು ಸಂಜೆವರೆಗೂ ಇರ್ತೀನಿ ಸಾರ್. ಚೆಸ್ ಇನ್ನೂ ಮುಗಿದಿಲ್ಲ, ನೋಡ್ಬೇಕು" ಎಂದಷ್ಟೇ ಹೇಳಿದೆ.

ಸೋತವರೆಲ್ಲ ಬಿಸಿಬೇಳೆ ಬಾತು ತಿಂದು ಮನೆಗೆ ಹೋದರು. ನಾನು ಬಾತು ತಿಂದು ವಾಪಸು ಕೊಠಡಿಗೆ ಬಂದೆ. ಮುನಿರಾಜು ಎರಡನೆಯ ಸುತ್ತು ಗೆದ್ದರು, ಮೂರನೆಯದ್ದೂ ಗೆದ್ದರು. ನಾಲ್ಕು ಗಂಟೆಗೆ ಫೈನಲ್. ಎದುರಿಗೆ ನೆಲಮಂಗಲದ ಕಡೆಯ ಒಬ್ಬ ಕಿರಿಯ ಎಂಜಿನಿಯರ್, ಕಾಲೇಜಿನಲ್ಲಿ ಆಡಿ ಬಂದವನಂತೆ. ಮೈದಾನದಲ್ಲಿ ವಾಲಿಬಾಲ್ ಫೈನಲ್ ನಡೆಯುತ್ತಿದ್ದದ್ದರಿಂದ ಜನವೆಲ್ಲ ಅಲ್ಲಿ. ಕೊಠಡಿಯಲ್ಲಿ ಆಡುವವರು ಇಬ್ಬರು, ಅಂಕ ಬರೆಯುವವರು ಒಬ್ಬರು, ಮೂಲೆಯ ಬೆಂಚಿನ ಮೇಲೆ ನಾನು. ಪರದೆಯಿಲ್ಲದೆ, ಬಿಳಿ ಕಪ್ಪಿನ ಪಟ್ಟಿಯಿಲ್ಲದೆ, ಹೇಳಿಕೊಡುವವರಿಲ್ಲದೆ ನಾನು ನೋಡಿದ ಮೊದಲ ಆಟ ಅದು. ಯಾರು ಮುಂದಿದ್ದಾರೆಂದು ನಾನೇ ತಿಳಿದುಕೊಳ್ಳಬೇಕಿತ್ತು. ಒಂದು ಗಂಟೆ ಅಲುಗಾಡದೆ ಕೂತೆ. ಒಂದು ಘಟ್ಟದಲ್ಲಿ ಮುನಿರಾಜು ಇಕ್ಕಟ್ಟಿಗೆ ಸಿಕ್ಕರು. ಆನೆಯನ್ನು ಮುಂದಕ್ಕೆ ನುಗ್ಗಿಸಿದರೆ ಗೆಲುವು ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಮಾತಾಡುವಂತಿಲ್ಲ. ಬೆಂಚಿನ ತುದಿಗೆ ಬಂದು, ಉಸಿರು ಹಿಡಿದು, ಆ ಆನೆಯನ್ನೇ ನೋಡಿದೆ. ಅವರ ಕೈ ಆನೆಯ ಮೇಲೆ ಬಂತು. ತಲೆಯೆತ್ತಿ ಒಂದು ಸಲ ನನ್ನ ಕಡೆ ನೋಡಿದರು. ಕೈ ಹಿಂದಕ್ಕೆ ಹೋಯಿತು. ಮೂಲೆಯ ಒಂದು ಸಿಪಾಯಿಯನ್ನು ಒಂದು ಮನೆ ಮುಂದಿಟ್ಟರು. ಅಯ್ಯೋ ಪಾಪ, ಕೈಗೆ ಬಂದದ್ದನ್ನು ಬಿಟ್ಟರಲ್ಲ ಎಂದುಕೊಂಡೆ. ಇಪ್ಪತ್ತು ನಿಮಿಷದ ಮೇಲೆ ಎಂಜಿನಿಯರ್ ಎದ್ದು ಕೈಕುಲುಕಿದ. ಮುನಿರಾಜು ಗೆದ್ದಿದ್ದರು.

ಬಹುಮಾನ ವಿತರಣೆ ಮುಗಿದ ಮೇಲೆ ಅವರು ಕಪ್ಪನ್ನು ಪೇಪರಿನಲ್ಲಿ ಸುತ್ತಿಕೊಂಡು ನನ್ನನ್ನು ಹುಡುಕಿಕೊಂಡು ಬಂದರು. "ಮೇಡಂ, ಮೂವತ್ತು ವರ್ಷದಿಂದ ಆಡ್ತಾ ಇದೀನಿ. ಇವತ್ತಿನವರ್ಗೂ ಒಬ್ರೂ ಕೊನೇತನಕ ಕೂತು ನನ್ನ ಆಟ ನೋಡಿರ್ಲಿಲ್ಲ. ನೀವು ಸೋತೋರು, ಆದ್ರೂ ಮನೆಗೆ ಹೋಗ್ದೆ ಕೂತ್ರಿ" ಎಂದರು. ನಾನು ಇಷ್ಟು ವರ್ಷ ಎಲ್ಲರ ಹತ್ತಿರ ವಾದಿಸಿದ್ದನ್ನು ಇವರೊಬ್ಬರು ಒಂದೇ ಮಾತಿನಲ್ಲಿ ಹೇಳಿದ್ದರು. ನೋಡುವವರೂ ಬೇಕಲ್ಲವೇ ಎಂದೆ.

"ಬೇಕು ಮೇಡಂ, ಬೇಕೇ ಬೇಕು" ಎಂದರು ಮುನಿರಾಜು. "ನೀವು ಇಲ್ದಿದ್ರೆ ನಾನು ಸೋತಿರ್ತಿದ್ದೆ. ಆ ಆನೆ ಆಡೋಣ ಅಂತ ಕೈಯಿಟ್ಟಿದ್ದೆ. ನಿಮ್ಮ ಮುಖ ನೋಡ್ದೆ, ಅಷ್ಟು ಖುಷಿಯಾಗಿದ್ರಿ. ಬೆಳಿಗ್ಗೆ ಮಂತ್ರಿ ಇಡೋವಾಗ್ಲೂ ಹಿಂಗೇ ಇತ್ತಲ್ಲ ಮುಖ ಅಂತ ನೆಪ್ಪಾಯ್ತು. ಕೈ ತಕ್ಕೊಂಬಿಟ್ಟೆ. ಆಮೇಲೆ ನೋಡಿದ್ರೆ, ಆನೆ ಆಡಿದ್ರೆ ನನ್ನ ಕಥೆ ಅಲ್ಲೇ ಮುಗೀತಿತ್ತು. ಅಲ್ಲಿಂದ ಮುಂದಕ್ಕೆ ಪ್ರತಿ ಸಲಾನೂ ನಿಮ್ಮನ್ನ ನೋಡ್ಕೊಂಡೇ ಆಡ್ದೆ. ನೀವು ಯಾವ ಕಾಯಿ ಕಡೆ ಆಸೆಯಿಂದ ನೋಡ್ತೀರೋ ಅದನ್ನ ಮುಟ್ಲಿಲ್ಲ."

ಇದನ್ನು ಅವರು ಕೃತಜ್ಞತೆಯಿಂದಲೇ ಹೇಳಿದರು, ಕಣ್ಣಲ್ಲಿ ಸ್ವಲ್ಪವೂ ತಮಾಷೆಯಿರಲಿಲ್ಲ. ನಾನು ಬಸ್ಸಿನಲ್ಲಿ ಬೂದಿಗೆರೆಯವರೆಗೂ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಆಡುವವರೇ ದೊಡ್ಡವರು ಎನ್ನುವವರು ಏನು ಬೇಕಾದರೂ ಹೇಳಿಕೊಳ್ಳಲಿ. ಅವತ್ತಿನ ಫೈನಲ್ಲಿನಲ್ಲಿ ಒಂದೊಂದು ನಡೆಯೂ ನನ್ನ ಸಲಹೆ ಕೇಳಿಯೇ ನಡೆದದ್ದು. ಕಪ್ಪಿನ ಮೇಲೆ ಒಂದೇ ಹೆಸರು ಕೆತ್ತುವ ಪದ್ಧತಿ ಇರುವುದರಿಂದ ನನ್ನದು ಬಿಟ್ಟುಹೋಗಿದೆ, ಅಷ್ಟೆ.